ಮನೇಲಿ ಯಾರೂ ಕಾಯ್ತಿಲ್ಲ ಅಂದವರು

ಹಿಂದಿನ ದಿನ ನಾವು ಮೂರು ಜನ ಮೈದುನನ ಕೋಣೆಯಲ್ಲಿ ಕೂತಿದ್ದೆವು. ಅದು ಮೂರು ಜನ ಕೂರುವ ಕೋಣೆಯಲ್ಲ. ಮಂಚದ ಮೇಲೆ ನಾನು, ಕುರ್ಚಿಯಲ್ಲಿ ನಮ್ಮವರು, ಮೈದುನ ಬಾಗಿಲಿಗೆ ಒರಗಿಕೊಂಡು ನಿಂತಿದ್ದ. ಅವನು ಮಾಡಿದ ಆಟ ಅವತ್ತು ಮುಗಿದಿತ್ತು. ಕಂಪ್ಯೂಟರಿನಲ್ಲಿ ಆಡುವ ಆಟ. ಹಗಲು ಫೋಟೋ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಇದರ ಮುಂದೆ. ನಮ್ಮವರು ತಮ್ಮನನ್ನು ಗೂಬೆ ಅಂತಲೇ ಕರೆಯುತ್ತಿದ್ದರು.

"ನೀನೇ ಮೊದ್ಲು ಆಡಣ್ಣ," ಅಂದ.

"ಏನ್ ಒತ್ಬೇಕೋ?"

"ಈ ಬಾಣ ಇದೆಯಲ್ಲ, ಮೇಲಿಂದು. ಅದನ್ನ ಒತ್ತಿದ್ರೆ ಲಿಫ್ಟಲ್ಲಿರೋ ಹೆಂಗಸು ಮುಂದಕ್ಕೆ ಹೋಗ್ತಾಳೆ."

"ಮೇಲಿಂದು ಒತ್ತಿದ್ರೆ ಮೇಲಕ್ಕೆ ಹೋಗ್ಬೇಕು. ಇದ್ಯಾವ ಸೀಮೆ ಲಿಫ್ಟೋ!"

ಆಟ ನಡೆಯುವುದು ಲಿಫ್ಟಿನೊಳಗೆ. ಕತ್ತಲೆ. ಹೊರಗಿನಿಂದ ಬಾಗಿಲು ಬಡಿದ ಸದ್ದು, ಆಮೇಲೆ ಒಂದು ಗಂಡಸಿನ ದನಿ. "ಒಳಗೆ ಯಾರಿದೀರಾ? ಭಯ ಪಡಬೇಡಿ. ನಾನು ಮೆಕ್ಯಾನಿಕ್ಕು."

ನಮ್ಮವರು ಕುರ್ಚಿ ಹಿಂದಕ್ಕೆ ತಳ್ಳಿದರು. "ಇದು ನಾನಾ?"

"ಮತ್ಯಾರು?"

"ಥೂ, ನೆಗಡಿ ಆದ ಕತ್ತೆ ಥರ ಇದೆಯಲ್ಲೋ."

"ದಿನಾ ನಾನು ಕೇಳೋದು ಇದನ್ನೇ ತಾನೆ," ಅಂದೆ ನಾನು.

ಅವರು ಎದ್ದೇಬಿಟ್ಟರು. ನಾಚಿಕೆ ಆಗುತ್ತೆ, ನೀವಿಬ್ಬರೇ ಆಡಿಕೊಳ್ಳಿ ಅಂತ ಹೋಗಿ ಬಚ್ಚಲಿನ ನಲ್ಲಿ ಬಿಚ್ಚಿ ಕೂತರು. ನನಗೂ ಒಲೆ ಮೇಲೆ ಹಾಲಿತ್ತು. ನಾಳೆ ಆಡಿದರಾಯಿತು ಅಂದುಕೊಂಡೆ. ಮೈದುನನ ಮುಖ ಚಿಕ್ಕದಾಯಿತು. ಆದರೂ ಅವತ್ತು ಬೇಸರದ ದಿನ ಆಗಿರಲಿಲ್ಲ.

ಮಾರನೇ ದಿನ ಒಂದು ದೊಡ್ಡ ಬಿಲ್ಡಿಂಗಿನಲ್ಲಿ ಲಿಫ್ಟ್ ನಿಂತಿತ್ತು. ಅವರು ಹೋಗಿ ಸರಿ ಮಾಡಿದರು. ಒಳಗಿದ್ದವರು ಹೊರಗೆ ಬಂದು ಅವರವರ ಮನೆಗೆ ಹೋದರು. ಮೇಲೆ ಟೆರೇಸಿನ ಮೋಟರ್ ಕೋಣೆಗೆ ಹೋದ ಇವರು ಮಾತ್ರ ಇಳಿದು ಬರಲಿಲ್ಲ. ವಾಚ್‌ಮನ್ ಹೋಗಿ ನೋಡಿದಾಗ ಗೋಡೆಗೆ ಒರಗಿ ಕೂತಿದ್ದರಂತೆ, ಪಕ್ಕದಲ್ಲಿ ಊಟದ ಡಬ್ಬಿ, ಅರ್ಧ ತಿಂದಿದ್ದರು. ಹೃದಯ ನಿಂತಿತು ಅಂದರು ಡಾಕ್ಟರು. ಅಷ್ಟೇ.

ಆ ಆಟವನ್ನು ಈಗ ಊರೂರಲ್ಲಿ ಆಡುತ್ತಾರೆ. ಆ ದನಿ ಯಾರದು ಅಂತ ಮೈದುನನಿಗೆ ಬರೆದು ಕೇಳುತ್ತಾರೆ. ನೀವೇ ಬರೆಯಿರಿ ಅತ್ತಿಗೆ ಅಂದ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿದೆ. ಬಂದ ಹಾಗೆ ಬರೆಯುತ್ತೇನೆ.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ನಾವಿದ್ದ, ಈಗಲೂ ಇರುವ ಮನೆ ಮೂರನೇ ಮಹಡಿಯಲ್ಲಿದೆ, ಆ ಬಿಲ್ಡಿಂಗಿಗೆ ಲಿಫ್ಟಿಲ್ಲ. ಅಲ್ಲಿಯ ಮೆಟ್ಟಿಲು ಒರೆಸುವ ಕೆಲಸ ನನ್ನದು. ಲಿಫ್ಟ್ ಇರುವ ಕಡೆಯೂ ಇವರು ಅದನ್ನು ಹತ್ತುತ್ತಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹಿಡಿಯುವುದೇ. ಯಾಕೆ ಅಂತ ಕೇಳಿದರೆ, "ಅಡುಗೆ ಮಾಡಿದೋಳಿಗೆ ಊಟ ರುಚಿಸುತ್ತಾ?" ಅನ್ನುತ್ತಿದ್ದರು.

ಕೆಲಸದಲ್ಲಿ ಅವರದ್ದೇ ಒಂದು ರೀತಿ ಇತ್ತು. ಲಿಫ್ಟ್ ಎರಡು ಮಹಡಿ ನಡುವೆ ನಿಂತಿದೆ ಅಂದರೆ ಬೇರೆಯವರು ನೇರ ಮೋಟರ್ ಕೋಣೆಗೆ ಓಡುತ್ತಾರೆ. ಇವರು ಮೊದಲು ಬಾಗಿಲ ಹತ್ತಿರ ಹೋಗಿ ಬಡಿದು, ನೆಲದ ಮೇಲೆ ಕೂತು, ಸಂದಿಗೆ ಬಾಯಿಟ್ಟು ಮಾತಾಡುತ್ತಿದ್ದರು. ನಿಮ್ಮ ಚೀಲದಲ್ಲಿ ಏನೇನಿದೆ ಒಂದೊಂದೇ ತೆಗೆದು ಹೇಳಿ ಅನ್ನುತ್ತಿದ್ದರು. ಒಳಗಿದ್ದವರು ಬಾಚಣಿಗೆ, ಬೀಗದಕೈ, ಚೀಟಿ ಅಂತ ಹೇಳುತ್ತಾ ಹೇಳುತ್ತಾ ಅಳು ನಿಲ್ಲಿಸುತ್ತಿದ್ದರು. ಉಸಿರು ಸರಿಹೋಯಿತು ಅಂತ ಕಿವಿಗೆ ಗೊತ್ತಾದ ಮೇಲೆ ಮೇಲೆ ಹೋಗಿ, ಬ್ರೇಕ್ ಸಡಿಲ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಇಳಿಸುತ್ತಿದ್ದರು. ಇದರಿಂದ ಕೆಲಸ ತಡ. ಕಂಪನಿಯವರು ಬೈಯುತ್ತಿದ್ದರು. ಬೈದದ್ದು ತಪ್ಪೂ ಅಲ್ಲ. ಒಂದು ಸಲ ಇವರು ಮಾತಾಡುತ್ತಾ ಕೂತಾಗ ಒಳಗಿದ್ದವನು ರೇಗಿ, "ನಿನ್ನ ಪುರಾಣ ಸಾಕು, ಮೊದ್ಲು ಬಾಗಿಲು ತೆಗೆ ಮಾರಾಯ," ಅಂದನಂತೆ.

ಅಪರಿಚಿತರ ಹತ್ತಿರ ಇಷ್ಟು ಮಾತು. ಮನೆಗೆ ಬಂದರೆ ಬಾಯಿಗೆ ಬೀಗ. ಊಟ ಆಯ್ತಾ ಅಂದರೆ ಹೂಂ. ಸಾರಿಗೆ ಉಪ್ಪು ಸರಿಯಿದೆಯಾ ಅಂದರೆ ಹೂಂ. ಸತ್ತವರ ಬಗ್ಗೆ ಒಳ್ಳೆಯದೇ ಹೇಳಬೇಕು ಅಂತಾರೆ. ಇದ್ದದ್ದು ಇದ್ದ ಹಾಗೆ ಹೇಳದಿದ್ದರೆ ಅವರು ಯಾರು ಅಂತ ನಿಮಗೆ ಹೇಗೆ ತಿಳಿಯಬೇಕು?

ಮೈದುನ ಆಟ ಕಟ್ಟಿದ್ದು ಅಣ್ಣನ ಕೆಲಸದ ಮೇಲೆ. ದನಿ ಹಿಡಿದದ್ದು ನಮ್ಮ ಬಟ್ಟೆ ಬೀರುವಿನೊಳಗೆ. ಹೊರಗಿನ ಸದ್ದು ಬರಬಾರದು ಅಂತ ಅಣ್ಣನನ್ನು ಬೀರುವಿಗೆ ತುರುಕಿ, ಮೈಕ್ ಕೈಗೆ ಕೊಟ್ಟು, ಮೇಲೆ ಎರಡು ರಜಾಯಿ ಹೊದಿಸಿದ್ದ. "ಅತ್ತಿಗೆ, ನೀವು ಅಂಗಡಿಗೆ ಹೋಗಿಬನ್ನಿ, ನೀವಿದ್ರೆ ಪಾತ್ರೆ ಸದ್ದು," ಅಂತ ನನ್ನನ್ನು ಹೊರಗೆ ಕಳಿಸುತ್ತಿದ್ದ. ಹಾಗಾಗಿ ಅಲ್ಲಿ ಏನು ಮಾತಾಡಿದರು ಅಂತ ನಾನು ಕೇಳಿಸಿಕೊಳ್ಳಲೇ ಇಲ್ಲ.

ಅವರು ಹೋದ ಮೇಲೆ ಮನೆ ತುಂಬಾ ಜನ. ಆಮೇಲೆ ಯಾರೂ ಇಲ್ಲ. ಕೆಳಗಿಳಿದರೆ ಎಲ್ಲರೂ ಪಾಪ ಅನ್ನುವ ಮುಖ ಮಾಡುತ್ತಾರೆ, ಮನೆಯೊಳಗಿದ್ದರೆ ಗೋಡೆ. ಮೆಟ್ಟಿಲು ಒರೆಸುವುದು, ಮತ್ತೆ ಒಳಗೆ ಬರುವುದು. ಒಂದು ಮಧ್ಯಾಹ್ನ ಮೈದುನ ಕೆಲಸಕ್ಕೆ ಹೋದಾಗ ಅವನ ಕೋಣೆಗೆ ಹೋಗಿ ಕೂತೆ. ಆಟ ಹೇಗೆ ಹಾಕುವುದು ಅಂತ ಅವನು ತೋರಿಸಿಕೊಟ್ಟಿದ್ದ. ಆಡುವುದಕ್ಕೆ ಅಂತ ಅಲ್ಲ, ಆ ದನಿ ಬೇಕಿತ್ತು.

ಆಟ ದೊಡ್ಡದಲ್ಲ. ಒಂದು ಅಡುಗೆ ಆಗುವಷ್ಟರಲ್ಲಿ ಮುಗಿಯುತ್ತದೆ. ಒಬ್ಬ ಹೆಂಗಸು ತೀರಿಕೊಂಡ ತಾಯಿಯ ಮನೆ ಖಾಲಿ ಮಾಡಿ, ತಾಯಿಯ ಸಾಮಾನನ್ನು ಚೀಲದಲ್ಲಿ ತುಂಬಿಕೊಂಡು ಇಳಿಯುತ್ತಿರುತ್ತಾಳೆ. ಲಿಫ್ಟ್ ನಿಲ್ಲುತ್ತದೆ. ಆ ಹೆಂಗಸೇ ನಾವು. ಹೊರಗಿನಿಂದ ಮೆಕ್ಯಾನಿಕ್ ಚೀಲದಲ್ಲಿ ಏನಿದೆ ಅಂತ ಕೇಳುತ್ತಾನೆ. ಒಂದೊಂದು ಸಾಮಾನು ಕೈಗೆ ತೆಗೆದುಕೊಂಡರೆ ಒಂದೊಂದು ಕಥೆ. ಕನ್ನಡಕದ ಒಂದು ಕಾಲು ದಾರದಲ್ಲಿ ಕಟ್ಟಿರುತ್ತದೆ. ಯಾಕೆ ಕಟ್ಟಿದ್ದು ಅಂತ ಗೊತ್ತಾದ ಮೇಲೆ ಅದನ್ನೇ ಇನ್ನೊಂದು ಸಲ ತೆಗೆದು ನೋಡಿದೆ. ಹಗ್ಗ ಕಿರುಗುಟ್ಟುವ ಸದ್ದು, ದೀಪ ಮಂಕಾಗಿ ಮತ್ತೆ ಬರುವುದು, ನಾಲ್ಕು ತಗಡಿನ ಗೋಡೆ, ಒಂದು ಕನ್ನಡಿ. ಬೇರೇನೂ ಇಲ್ಲ. ಆದರೂ ನಾನು ಎದ್ದು ಕೋಣೆಯ ಬಾಗಿಲು ತೆರೆದಿಟ್ಟು ಬಂದೆ. ಹುಡುಗ ಚೆನ್ನಾಗಿ ಮಾಡಿದ್ದಾನೆ. ಇದನ್ನು ಅವನ ಮುಖಕ್ಕೆ ಹೇಳಿಲ್ಲ.

ತಪ್ಪೂ ಇವೆ. ಆ ಹೆಂಗಸು ನಡೆಯುವುದು ತುಂಬು ಬಸುರಿಯ ಹಾಗೆ. ಬಾಚಣಿಗೆ ಕೈಗೆ ತೆಗೆದುಕೊಂಡರೆ ಒಂದೊಂದು ಸಲ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಎಷ್ಟು ಒದ್ದಾಡಿದರೂ ಬರುವುದಿಲ್ಲ, ಮೊದಲಿಂದ ಆಡಬೇಕು. ಮೆಕ್ಯಾನಿಕ್ ಕೇಳಿದ್ದಕ್ಕೆ ಮೂರು ಉತ್ತರ ಬರುತ್ತವೆ, ಒಂದನ್ನು ಒತ್ತಬೇಕು. ಯಾವುದು ಒತ್ತಿದರೂ ಅವನು ಹೇಳುವುದು ಅದೇ ಮಾತು. ಹಾಗಿದ್ದರೆ ಕೇಳುವುದು ಯಾಕೆ? ಇದಕ್ಕೆ ಮಾತ್ರ ನನಗೆ ನಗು ಬಂತು. ನಮ್ಮವರೂ ಹಾಗೇ ಇದ್ದರು.

ಇನ್ನೊಂದು ದೊಡ್ಡ ತಪ್ಪು. ಆಟದಲ್ಲಿ ಮೆಕ್ಯಾನಿಕ್ ಬಾಗಿಲು ಬಿಟ್ಟು ಹೋಗುವುದೇ ಇಲ್ಲ. ಕೊನೆತನಕ ಮಾತಾಡುತ್ತಾನೆ, ಬಾಗಿಲು ತೆರೆಯುತ್ತದೆ, ಬೆಳ್ಳಗೆ ಬೆಳಕು, ಮುಗಿಯಿತು. ಅವನ ಮುಖ ಸಹ ತೋರಿಸುವುದಿಲ್ಲ. ನಿಜದಲ್ಲಿ ಬಿಟ್ಟು ಹೋಗಲೇಬೇಕು. ಚಕ್ರ ತಿರುಗಿಸುವುದು ಮೇಲೆ. ಆ ಹೊತ್ತು ಒಳಗಿದ್ದವರಿಗೆ ಯಾವ ದನಿಯೂ ಇಲ್ಲ. ಅದೇ ಎಲ್ಲಕ್ಕಿಂತ ಕಷ್ಟ ಅಂತ ಇವರೇ ತಮ್ಮನಿಗೆ ಹೇಳುತ್ತಿದ್ದರು. ಮೈದುನ ಅದನ್ನು ತೆಗೆದುಹಾಕಿದ್ದ. ಸುಮ್ಮನೆ ಕಾಯುವುದು ಅಂದರೆ ಆಡುವವರಿಗೆ ಬೇಜಾರಂತೆ. ಬೇಜಾರೇ ಹೌದು. ನನ್ನನ್ನು ಕೇಳಬೇಕಿತ್ತು.

ಇದೆಲ್ಲ ಸಣ್ಣದು. ನನಗೆ ಚುಚ್ಚಿದ್ದು ಆಟದ ನಡುವೆ ಬರುವ ಒಂದು ಮಾತು. ಒಳಗಿನ ಹೆಂಗಸು, ನನ್ನಿಂದ ನಿಮಗೆ ಹೊತ್ತಾಯ್ತು, ಮನೇಲಿ ಕಾಯ್ತಿರ್ತಾರೆ ಅನ್ನುತ್ತಾಳೆ. ಆಗ ನಮ್ಮವರ ದನಿ, ಮೆಲ್ಲಗೆ, ನಗುತ್ತಾ ಇದ್ದ ಹಾಗೆ:

"ನನಗೇನ್ ಅವಸರ ಇಲ್ಲಮ್ಮ. ಮನೇಲಿ ಯಾರೂ ಕಾಯ್ತಿಲ್ಲ."

ಆಮೇಲೆ ಆ ಹೆಂಗಸು, "ನನಗೂ," ಅನ್ನುತ್ತಾಳೆ. ಅಲ್ಲಿಂದ ಅವಳು ಬಾಯಿ ಬಿಡುತ್ತಾಳೆ, ತಾಯಿಯ ಕಥೆಯೆಲ್ಲ ಹೊರಗೆ ಬರುತ್ತದೆ. ಮೈದುನ ಆಟವನ್ನು ಎಲ್ಲರಿಗೂ ಬಿಟ್ಟ ಮೇಲೆ ಆಡಿದವರೆಲ್ಲ ಹೊಗಳಿದ್ದು ಇದೇ ಜಾಗವನ್ನು.

ನಾನು ಮುಂದೆ ಆಡಲಿಲ್ಲ. ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತೆ. ಅವರ ತಟ್ಟೆ ಅಲ್ಲೇ ಇತ್ತು. ಆ ತಟ್ಟೆ ಮುಂದಿಟ್ಟುಕೊಂಡು ಎಷ್ಟು ದಿನ ಕಾದಿದ್ದೇನೆ.

ಮೈದುನ ಬಂದ ಕೂಡಲೇ ಹಿಡಿದುಕೊಂಡೆ. "ನಾನು ನಿನಗೇನ್ ಮಾಡಿದ್ದೆ? ಬೇಯಿಸಿ ಹಾಕಿದ್ದೇ ತಪ್ಪಾಯ್ತಾ? ಇದ್ದ ಹೆಂಡ್ತೀನ ಇಲ್ಲ ಅನ್ನಿಸಿದ್ದೀಯಲ್ಲ, ಅದೂ ಅವರ ಬಾಯಲ್ಲೇ!"

ಅವನಿಗೆ ಯಾವುದು ಅಂತ ಗೊತ್ತಾಗುವುದಕ್ಕೇ ಹೊತ್ತು ಹಿಡಿಯಿತು. "ಅತ್ತಿಗೆ, ಅದು ನಾನು ಬರೆದಿದ್ದಲ್ಲ. ನಾನು ಬರೆದಿದ್ದು 'ಇದು ನನ್ನ ಕರ್ತವ್ಯ' ಅಂತ. ಅಣ್ಣ ಒಪ್ಪಲಿಲ್ಲ. 'ಹಂಗ್ಯಾರೋ ಮಾತಾಡ್ತಾರೆ, ಶಾಲೆ ಹೆಡ್‌ಮಾಸ್ಟ್ರಾ ನಾನು' ಅಂತ ಬೈದು, ಇದನ್ನ ಅವನೇ ಹೇಳಿದ್ದು."

"ಸತ್ತೋರ ತಲೆಗೆ ಕಟ್ಬೇಡ."

"ನಿಮ್ಮಾಣೆ ಅತ್ತಿಗೆ."

ನಾನು ನಂಬಲಿಲ್ಲ. ಕೆಲವು ದಿನ ಅವನ ಹತ್ತಿರ ಮಾತು ಬಿಟ್ಟೆ. ಊಟ ಬಡಿಸಿ ತಟ್ಟೆಯನ್ನು ಕುಕ್ಕುತ್ತಿದ್ದೆ.

ಆ ನಡುವೆ ಒಬ್ಬ ಟೇಲರಮ್ಮ ಬಂದಳು. ಯಾವಾಗಲೋ ಲಿಫ್ಟಿನಲ್ಲಿ ಸಿಕ್ಕಿಕೊಂಡು ನಮ್ಮವರಿಂದ ಬಿಡಿಸಿಕೊಂಡವಳು. ಸುದ್ದಿ ತಡವಾಗಿ ತಿಳಿಯಿತು ಅಂತ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದಿದ್ದಳು. ನೀರು ಕೊಟ್ಟೆ. ಕುಡಿದು ನನ್ನನ್ನೇ ನೋಡಿದಳು.

"ನೀವು ಅವರ ಅಕ್ಕನಾ?"

"ಹೆಂಡತಿ."

ಅವಳು ಲೋಟ ಕೆಳಗಿಟ್ಟಳು. "ಅಯ್ಯೋ, ತಪ್ಪು ತಿಳ್ಕೋಬೇಡಿ ತಾಯಿ. ಮನೇಲಿ ಯಾರೂ ಇಲ್ಲ ಅಂದಿದ್ರು. ಒಂಟಿ ಜೀವ ಪಾಪ ಅಂತ ನಾನು ಒಂದು ಹೆಣ್ಣು ಸಹ ನೋಡಿದ್ದೆ."

"ಯಾರು, ಹುಡುಗಿ?"

"ನನ್ನ ತಂಗಿ. ಈಗ ಅವಳಿಗೆ ಮದುವೆ ಆಗಿದೆ ಬಿಡಿ," ಅಂತ ಅವಸರದಲ್ಲಿ ಸೇರಿಸಿದಳು.

ಅವಳನ್ನು ಕಳಿಸಿ ಬಾಗಿಲು ಹಾಕಿದೆ. ಮೈದುನ ಸುಳ್ಳು ಹೇಳಿರಲಿಲ್ಲ. ಇದು ಆಟದ ಮಾತಲ್ಲ. ಇವರು ಬಾಗಿಲ ಸಂದಿಯಲ್ಲಿ ಕೂತು ಕಂಡಕಂಡವರಿಗೆಲ್ಲ ಹೇಳಿದ ಮಾತು.

ಯಾಕೆ ಹೇಳಿದರು? ಒಳಗಿದ್ದವರಿಗೆ ಸಂಕೋಚ ಆಗಬಾರದು ಅಂತ ಹೇಳಿರಬಹುದು. ಅದು ಕೆಲಸದ ಮಾತು. ಇಲ್ಲ, ನಿಜವಾಗಿಯೂ ಹಾಗೇ ಅನ್ನಿಸಿತ್ತಾ? ನನ್ನ ಹತ್ತಿರ ಹೂಂ ಬಿಟ್ಟರೆ ಮಾತಿರದ ಮನುಷ್ಯ. ಬಾಯಿಬಿಟ್ಟು ಮಾತಾಡಿದ್ದು ಕಾಣದವರ ಹತ್ತಿರ ಮಾತ್ರ. ನಾನು ಕಾಯುತ್ತಿದ್ದದ್ದು ಅವರಿಗೆ ಲೆಕ್ಕಕ್ಕೇ ಇರಲಿಲ್ಲವಾ? ಬಟ್ಟೆ ಒಗೆಯುವಾಗ ಇದೇ, ಮೆಟ್ಟಿಲು ಒರೆಸುವಾಗ ಇದೇ. ಅತ್ತ ಹೋದರೂ ಅದೇ ಗೋಡೆ, ಇತ್ತ ಬಂದರೂ ಅದೇ ಗೋಡೆ. ಕೇಳೋಣ ಅಂದರೆ ಉತ್ತರ ಕೊಡುವವರು ಮೇಲೆ ಹೋಗಿ ಇಳಿದೇ ಬರಲಿಲ್ಲ.

ಮೈದುನನಿಗೆ ಹೇಳಿದೆ, "ಆ ಮಾತು ತೆಗಿ. ಬೇರೆ ಏನಾದ್ರೂ ಇರ್ಲಿ, ಅದು ಬೇಡ."

ಅವನು ವಾದ ಮಾಡಲಿಲ್ಲ. "ತೆಗೀತೀನಿ. ಆದ್ರೆ ಕುಂಟುತ್ತೆ ಅತ್ತಿಗೆ," ಅಂದ ಅಷ್ಟೇ. ತೆಗೆದು, ಹೊಸದನ್ನು ಎಲ್ಲರಿಗೂ ಬಿಟ್ಟ.

ನಾನೂ ಆಡಿ ನೋಡಿದೆ. ಕುಂಟಿತು. ಹೆಂಗಸು ಹೊತ್ತಾಯ್ತು ಅನ್ನುತ್ತಾಳೆ, ಹೊರಗಿನಿಂದ ಏನೂ ಇಲ್ಲ, ಆಮೇಲೆ ತನ್ನಷ್ಟಕ್ಕೆ ತಾನೇ "ನನಗೂ" ಅನ್ನುತ್ತಾಳೆ. ಏನು ನನಗೂ? ಹುಚ್ಚಿಯ ಹಾಗೆ. ಅದನ್ನೂ ತೆಗೆದ. ಆಗ ಅವಳು ತಾಯಿಯ ಕಥೆ ಯಾಕೆ ಶುರು ಮಾಡಿದಳು ಅಂತಲೇ ತಿಳಿಯಲಿಲ್ಲ. ಜನ ಬರೆದರು. ಎದೆ ಹಿಡಿದಿಡುತ್ತಿದ್ದ ಆಟಕ್ಕೆ ನಡು ಮುರಿದಿದೆ ಅಂದರು. ಮೈದುನ ಅದನ್ನು ನನಗೆ ಓದಿ ಹೇಳಲಿಲ್ಲ, ನಾನೇ ಅವನ ಹಿಂದೆ ನಿಂತು ಓದಿದೆ. ಅವನು ಎರಡು ವರ್ಷ ಕಣ್ಣು ಕೆಂಪು ಮಾಡಿಕೊಂಡು ಮಾಡಿದ್ದು. ನನಗೆ ಕನಿಕರ ಆಯಿತು, ಆದರೂ ವಾಪಸ್ ಹಾಕು ಅನ್ನಲು ಬಾಯಿ ಬರಲಿಲ್ಲ. ಆ ಮಾತು ಇದ್ದರೆ ನಾನು ಇಲ್ಲ. ಇಲ್ಲದಿದ್ದರೆ ಅವನ ಆಟ ಇಲ್ಲ.

ನಮ್ಮವರ ಫೋನು ನನ್ನ ಹತ್ತಿರವೇ ಇತ್ತು. ಎಷ್ಟೋ ಲಿಫ್ಟುಗಳ ಒಳಗೆ ಅವರ ನಂಬರು ಅಂಟಿಸಿದೆ, ಯಾರೂ ಕಿತ್ತಿಲ್ಲ. ಆಗಾಗ ಫೋನ್ ಬರುತ್ತಿತ್ತು. ಅವರಿಲ್ಲ, ಈ ನಂಬರಿಗೆ ಮಾಡಿ ಅಂತ ಹೊಸ ಮೆಕ್ಯಾನಿಕ್ಕಿನ ನಂಬರು ಕೊಟ್ಟು ಇಡುತ್ತಿದ್ದೆ.

ಒಂದು ರಜೆಯ ದಿನ ಬೆಳಿಗ್ಗೆ ಮೈದುನ ನನ್ನೆದುರು ನೆಲದ ಮೇಲೆ ಕೂತು ತಿಂಡಿ ತಿನ್ನುತ್ತಿದ್ದ. ಫೋನ್ ಬಂತು. ಗಂಡಸು, ವಯಸ್ಸಾದವನಲ್ಲ, ದನಿ ನಡುಗುತ್ತಿತ್ತು.

"ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದೀನಿ. ಲೈಟೂ ಹೋಗಿದೆ. ಬೇಗ ಬನ್ನಿ."

ಯಾವ ಬಿಲ್ಡಿಂಗು ಅಂತ ಕೇಳಿದೆ. ಮೈದುನ ತನ್ನ ಫೋನಿನಿಂದ ಹೊಸ ಮೆಕ್ಯಾನಿಕ್ಕಿಗೆ ಹೇಳಿದ. ಅವನು ಹೊರಟಿದ್ದಾನೆ, ದೂರದಿಂದ ಬರಬೇಕು ಅಂದ. ಅದನ್ನೇ ಇವನಿಗೆ ಹೇಳಿದೆ.

"ಇಡಬೇಡಿ ಅಮ್ಮ," ಅಂದ. ಇಡಲಿಲ್ಲ. ಏನು ಮಾತಾಡಬೇಕು ಅಂತ ಗೊತ್ತಿರಲಿಲ್ಲ. ಕೈಯಲ್ಲಿ ಏನಿದೆ ಅಂತ ಕೇಳಿದೆ. ಹೆಲ್ಮೆಟ್ ಅಂದ. ಯಾವ ಬಣ್ಣ ಅಂದೆ. ಕತ್ತಲೇಲಿ ಹೇಗಮ್ಮ ಹೇಳ್ಲಿ ಅಂದ. ಕೊಂಡಾಗ ಬೆಳಕಿರ್ಲಿಲ್ವಾ ಅಂದೆ. ಸ್ವಲ್ಪ ನಕ್ಕ. ಹೀಗೇ ಏನೋ ಒಂದು. ಆಮೇಲೆ ಅವನಿಗೇ ನಾಚಿಕೆ ಆಯಿತು.

"ನಿಮಗೆ ತೊಂದ್ರೆ ಕೊಡ್ತಿದೀನಿ. ಮನೆ ಕೆಲಸ ಇರುತ್ತೆ. ಇಡಿ ಅಮ್ಮ, ಪರವಾಗಿಲ್ಲ."

ಪರವಾಗಿಲ್ಲ ಅನ್ನುವಾಗ ಅವನ ಹಲ್ಲು ಕಟಕಟ ಅಂದದ್ದು ನನಗೆ ಕೇಳಿಸಿತು.

"ಏನೂ ಕೆಲಸ ಇಲ್ಲಪ್ಪ," ಅಂದೆ. "ಮನೇಲಿ ಯಾರೂ ಇಲ್ಲ. ಒಬ್ಳೇ ಕೂತಿದೀನಿ. ನೀನು ಮಾತಾಡು."

ಮೈದುನನ ಕೈ ಬಾಯಿಯ ಹತ್ತಿರ ನಿಂತಿತು. ನನ್ನನ್ನೇ ನೋಡುತ್ತಿದ್ದ. ಒಲೆ ಮೇಲೆ ಅವನಿಗೇ ಅಂತ ಇಟ್ಟ ಚಹಾ ಉಕ್ಕುತ್ತಿತ್ತು. ನಾನು ಕೈಸನ್ನೆ ಮಾಡಿ ಆರಿಸು ಅಂದೆ. ಅವನು ಸದ್ದಾಗದ ಹಾಗೆ ಎದ್ದು ಹೋಗಿ ಆರಿಸಿದ. ಬಾಗಿಲು ತೆರೆಯುವ ತನಕ ಆ ಮನುಷ್ಯನ ಹತ್ತಿರ ಮಾತಾಡಿದೆ. ಕೊನೆಗೆ ಅವನು ಥ್ಯಾಂಕ್ಸ್ ಸಹ ಹೇಳದೆ ಇಟ್ಟುಬಿಟ್ಟ. ಹೆದರಿದವರು ಹಾಗೇ.

"ಹಾಗಾದ್ರೆ ನಾನ್ಯಾರು ಅತ್ತಿಗೆ? ಪಕ್ಕದ ಮನೆಯೋನಾ?" ಅಂದ ಮೈದುನ.

"ತಿನ್ನು ಸುಮ್ನೆ."

"ಅಲ್ಲ, ಎದುರಿಗೇ ಕೂತಿದೀನಿ, ಇಷ್ಟು ದಪ್ಪ ಇದೀನಿ..."

"ತಿನ್ನು ಅಂದ್ನಲ್ಲ."

ಯೋಚನೆ ಮಾಡಿ ಹೇಳಿದ ಮಾತಲ್ಲ ಅದು. ಅವನು ಇಡಬಾರದು ಅನ್ನುವುದೊಂದೇ ತಲೆಯಲ್ಲಿತ್ತು, ಬಾಯಿಗೆ ಅದು ಬಂತು. ಎದುರಿಗಿದ್ದವನು ಆ ಹೊತ್ತಿಗೆ ನನಗೆ ಕಾಣಲೂ ಇಲ್ಲ. ಅದರಿಂದ ಅವನು ನನಗೆ ಬೇಡದವನು ಅಂತ ಆಯಿತಾ? ಅವನ ಚಹಾ ಉಕ್ಕಿದ್ದು ನನಗೆ ಗೊತ್ತಿತ್ತಲ್ಲ.

ಪಾತ್ರೆ ತೊಳೆದಿಟ್ಟು ಅವನ ಕೋಣೆಯ ಬಾಗಿಲಲ್ಲಿ ನಿಂತೆ.

"ವಾಪಸ್ ಹಾಕು."

"ಏನನ್ನ?"

"ಗೊತ್ತಿಲ್ದೋನ ಥರ ಆಡ್ಬೇಡ. ಎರಡೂ ಹಾಕು, ಅವರದ್ದೂ ಅವಳದ್ದೂ. ಹಾಗೇ ಆ ಬಾಚಣಿಗೆ ಸರಿ ಮಾಡು, ಗೋಡೆಗೆ ಸಿಕ್ಕಿಕೊಳ್ಳುತ್ತೆ."

ಹಾಕಿದ. ಬಾಚಣಿಗೆ ಇನ್ನೂ ಸರಿಯಾಗಿಲ್ಲ. ಮೆಕ್ಯಾನಿಕ್ ಮೇಲೆ ಹೋಗುವ ಹೊತ್ತನ್ನು ಸೇರಿಸು ಅಂತಲೂ ಹೇಳಿದ್ದೇನೆ. ಅದಕ್ಕೆ ದನಿ ಬೇಕಿಲ್ಲವಲ್ಲ, ಸುಮ್ಮನೆ ಇದ್ದರೆ ಸಾಕು. ನೋಡೋಣ ಅಂದಿದ್ದಾನೆ.

ಇಲ್ಲಿಗೆ ನನ್ನ ಮನಸ್ಸು ತಿಳಿಯಾಯಿತು ಅಂತ ನೀವು ತಿಳಿಯಬಾರದು. ನಾನು ಆ ಮಾತು ಹೇಳಿದ್ದು ಆವತ್ತಿನ ಒಂದು ಸಲ. ಇವರು ವರ್ಷಗಟ್ಟಲೆ ಹೇಳಿದರು. ಅಷ್ಟು ವರ್ಷ ಹೇಳಿದ ಮಾತು ಬಾಯಲ್ಲೇ ಇರುತ್ತದಾ, ಒಳಕ್ಕೂ ಇಳಿಯುತ್ತದಾ? ಒಳ್ಳೆಯ ದಿನ ಬಾಯಲ್ಲೇ ಇತ್ತು ಅನ್ನಿಸುತ್ತದೆ. ಕೆಟ್ಟ ದಿನ ಆಟ ಹಾಕಿಕೊಂಡು ಆ ಜಾಗಕ್ಕೆ ಬಂದು ನಿಲ್ಲಿಸಿ, ಮತ್ತೆ ಕೇಳುತ್ತೇನೆ. ಅವರು ನಗುತ್ತಾ ಹೇಳಿದ ಹಾಗೇ ಕೇಳುತ್ತದೆ. ನಕ್ಕದ್ದು ಯಾಕೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಈಗ ಫೋನ್ ಬಂದರೆ ನಂಬರು ಕೊಟ್ಟು ಇಡುವುದಿಲ್ಲ. ಬಾಗಿಲು ತೆರೆಯುವ ತನಕ ಇರುತ್ತೇನೆ. ಅದಕ್ಕೆ ಅವರ ಫೋನು ಸತ್ತಿರಬಾರದು. ಹಳೆಯದು, ಚಾರ್ಜರ್ ಹಾಕುವ ಜಾಗ ಸಡಿಲ. ಬೆಳಿಗ್ಗೆ ಎದ್ದ ಕೂಡಲೇ ಅದರಲ್ಲಿ ಕೂತ ಧೂಳನ್ನು ಸೂಜಿಯಲ್ಲಿ ತೆಗೆದು, ವೈರನ್ನು ಎಣ್ಣೆ ಡಬ್ಬಿಯ ಕೆಳಗೆ ಒತ್ತಿಟ್ಟರೆ ಚಾರ್ಜ್ ಹತ್ತುತ್ತದೆ. ಹತ್ತಿದ ಮೇಲೆ ನನ್ನ ಫೋನಿನಿಂದ ಒಂದು ಸಲ ರಿಂಗ್ ಕೊಡುತ್ತೇನೆ. ಸದ್ದು ಬಂದರೆ ಕಟ್ ಮಾಡಿ, ಅವರ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಕೆಟ್ಟು ತೆಗೆದುಕೊಂಡು ಮೆಟ್ಟಿಲು ಒರೆಸಲು ಹೋಗುತ್ತೇನೆ.